ಲಂಕಾಸ್ಟರೋ, ಲಿಬರೇಟರೋ, ಮಾಸ್ಕಿಟೋವೋ? ಮೊದಲು ಕಪಾಟು ಅಳೆಯಿರಿ

ನಮ್ಮ ಚಾವಡಿಯಲ್ಲಿ ಒಂದು ಗಾಜಿನ ಕಪಾಟು ಇದೆ. ಅಜ್ಜನ ಕಾಲದ್ದು, ಹಲಸಿನ ಮರದ್ದು. ಒಳಗಿನ ಆಳ ಸರಿಯಾಗಿ ಒಂದು ಅಡಿ. ಮೂರು ತಿಂಗಳು ಕೂತು 1/72 ಅಳತೆಯ ಬಿ-17 ಬಾಂಬರ್ ವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಟ್ಟಿದೆ. ಬಣ್ಣ ಹಾಕಿ ಮುಗಿಸಿ, ಮನೆಯವರನ್ನೆಲ್ಲ ಕರೆದು, ಕಪಾಟಿನೊಳಗೆ ಇಡಲು ಹೋದೆ. ಬಾಗಿಲು ಮುಚ್ಚಲಿಲ್ಲ. ವಿಮಾನ ಮೂತಿಯಿಂದ ಬಾಲದ ತುದಿಗೆ 31.5 ಸೆಂಟಿಮೀಟರ್. ಕಪಾಟು 30 ಚಿಲ್ಲರೆ. ಬರೀ ಒಂದು ಬೆರಳಿನ ಅಗಲ ಸಾಲಲಿಲ್ಲ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿ, "ಬಾಲದ ಹತ್ತಿರ ಸ್ವಲ್ಪ ಕೊಯ್ದರೆ ಆಗದಾ ಮಗಾ?" ಎಂದು ಕೇಳಿದರು. ಆ ವಿಮಾನ ಈಗಲೂ ಟಿವಿಯ ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಾ ಕೂತಿದೆ.

ಹಾಗಾಗಿ ಯಾರಾದರೂ "ಬಾಂಬರ್ ಮಾಡೆಲ್ ಮಾಡಬೇಕು ಅಂತಿದ್ದೇನೆ, ಯಾವುದು ತರಿಸಲಿ?" ಎಂದು ಕೇಳಿದರೆ ನಾನು ಮೊದಲು ಟೇಪ್ ತಗೊಂಡು ಕಪಾಟು ಅಳೆಯಿರಿ ಅನ್ನುತ್ತೇನೆ. ಎರಡನೆಯದಾಗಿ ಕೇಳುವುದು, ಈಗ ಯಾವ ತಿಂಗಳು? ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಎಲ್ಲೇ ಇರಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಇನ್ನು ಬಣ್ಣ ಎಲ್ಲಿಂದ ಒಣಗಬೇಕು? ಹೊರದೇಶದವರು ಬರೆಯುವ ಕಿಟ್ (ಮಾಡೆಲಿನ ಬಿಡಿಭಾಗಗಳ ಪೆಟ್ಟಿಗೆ) ವಿಮರ್ಶೆಗಳಲ್ಲಿ ಈ ಎರಡು ಮಾತು ಬರುವುದೇ ಇಲ್ಲ. ಬಾಂಬರಿನ ಕೀರ್ತಿ ನೋಡಿ ಕಿಟ್ ತರಿಸಿದವರು ನಮ್ಮಲ್ಲಿ ಹೆಚ್ಚಾಗಿ ಅರ್ಧದಲ್ಲೇ ಬಿಡುತ್ತಾರೆ. ನಾನೂ ಎರಡು ಬಿಟ್ಟಿದ್ದೇನೆ.

ಒಂದೆರಡು ಸಣ್ಣ ಫೈಟರ್ ವಿಮಾನ ಕಟ್ಟಿ ಅಭ್ಯಾಸ ಇದ್ದು, ಈಗ ಲಂಕಾಸ್ಟರ್, ಬಿ-17, ಲಿಬರೇಟರ್, ಮಾಸ್ಕಿಟೋದಂಥ ಎರಡನೇ ಮಹಾಯುದ್ಧದ ಬಾಂಬರಿಗೆ ಕೈ ಹಾಕುವವರಿಗೆ ಈ ಬರಹ. ಏನೂ ಕಟ್ಟದವರು ಮೊದಲು ಒಂದು ಫೈಟರ್ ಕಟ್ಟಿ ಬನ್ನಿ.

ಅಳತೆಯ ಲೆಕ್ಕ

ಬಾಂಬರ್ ಕಿಟ್‌ಗಳು ಮುಖ್ಯವಾಗಿ ನಾಲ್ಕು ಸ್ಕೇಲಿನಲ್ಲಿ ಬರುತ್ತವೆ: 1/144, 1/72, 1/48, 1/32. 1/72 ಎಂದರೆ ಆರಡಿ ಮನುಷ್ಯ ಒಂದು ಇಂಚು ಆಗುತ್ತಾನೆ. ಇದೊಂದು ನೆನಪಿದ್ದರೆ ಉಳಿದದ್ದು ಅಂದಾಜಾಗುತ್ತದೆ.

ಲಂಕಾಸ್ಟರನ್ನೇ ತಗೊಳ್ಳಿ. ನಿಜವಾದ ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 102 ಅಡಿ. 1/144ರಲ್ಲಿ ಅದು 21 ಸೆಂಟಿಮೀಟರ್ ಚಿಲ್ಲರೆ. 1/72ರಲ್ಲಿ 43. 1/48ರಲ್ಲಿ 65. 1/32ರಲ್ಲಿ 97, ಅಂದರೆ ಹೆಚ್ಚುಕಡಿಮೆ ಒಂದು ಮೀಟರ್. ಒಂದು ಮೀಟರಿನ ವಿಮಾನ ಇಡುವುದಕ್ಕೆ ಮನೆಯಲ್ಲಿ ಒಂದು ಕೋಣೆ ಹೆಚ್ಚಿಗೆ ಬೇಕು, ಇಲ್ಲವೇ ತುಂಬಾ ತಾಳ್ಮೆಯ ಹೆಂಡತಿ ಬೇಕು.

1/144 ಸುಮ್ನೆ ಮೇಜಿನ ಮೂಲೆಯಲ್ಲಿ ಮುಗಿಯುವ ಕೆಲಸ. ಅಗ್ಗ, ಬಣ್ಣವೂ ಕಡಿಮೆ ಸಾಕು. ಆದರೆ ಕಿಟಕಿಯ ಚೌಕಟ್ಟು ಕೂದಲಿನಷ್ಟು ತೆಳು. ಡೀಟೇಲ್ ಕೆಲಸ ಮಾಡುವ ಆಸೆ ಇದ್ದರೆ ಇದು ಬೇಡ.

1/48ರಲ್ಲಿ ಒಳಗಿನ ಕೆಲಸ ಚೆನ್ನಾಗಿ ಕಾಣುತ್ತದೆ. ನಿಜ. ಆದರೆ ನಾಲ್ಕು ಇಂಜಿನಿನ ವಿಮಾನಕ್ಕೆ 65 ಸೆಂಟಿಮೀಟರ್ ಜಾಗ ಎಲ್ಲಿದೆ? ಎರಡು ಇಂಜಿನಿನದ್ದಾದರೆ ಮಾತು ಬೇರೆ. 1/48ರ ಮಾಸ್ಕಿಟೋ ರೆಕ್ಕೆ ಬರೀ 34 ಸೆಂಟಿಮೀಟರ್. ಫೈಟರ್-ಬಾಂಬರ್ ಮಾದರಿಯ ಉದ್ದ 26. ನಮ್ಮ ಕಪಾಟಿನಲ್ಲಿ ಆರಾಮವಾಗಿ ಕೂರುತ್ತದೆ. ಹಾಗಾಗಿ ನನ್ನ ಲೆಕ್ಕ ಸರಳ. ನಾಲ್ಕು ಇಂಜಿನ್ ಇದ್ದರೆ 1/72, ಎರಡಿದ್ದರೆ 1/48.

1/72ರಲ್ಲಿಯೂ ಎಲ್ಲವೂ ಒಂದೇ ಅಲ್ಲ. ಬಿ-17 ಕಥೆ ಹೇಳಿದೆ. ಲಂಕಾಸ್ಟರ್ ಉದ್ದ 29 ಸೆಂಟಿಮೀಟರ್ ಚಿಲ್ಲರೆ, ಒಂದು ಅಡಿಯ ಕಪಾಟಿಗೆ ಸರಿಯಾಗಿ ಹೋಗುತ್ತದೆ. ಲಿಬರೇಟರ್ ಇನ್ನೂ ಗಿಡ್ಡ, 28 ಚಿಲ್ಲರೆ. ಆದರೆ ಅದರ ರೆಕ್ಕೆ 46.5. ಕಪಾಟಿನ ಖಾನೆಯ ಅಗಲ ಒಂದೂವರೆ ಅಡಿ ಆಗಿದ್ದರೆ ಅದು ಹೊರಗೇ. ಆಳ, ಅಗಲ ಎರಡನ್ನೂ ಬರೆದಿಟ್ಟುಕೊಳ್ಳಿ.

ಲಂಕಾಸ್ಟರ್: ಕುಂಚ ಮಾತ್ರ ಇದ್ದವರಿಗೆ

ನಾಲ್ಕು ಇಂಜಿನಿನ ಬಾಂಬರುಗಳಲ್ಲಿ ಮೊದಲು ಕಟ್ಟಬೇಕಾದದ್ದು ಯಾವುದು ಎಂದರೆ ನಾನು ಲಂಕಾಸ್ಟರ್ ಅನ್ನುತ್ತೇನೆ. ಕಾರಣ ಅದರ ಹೆಸರಲ್ಲ, ಅದರ ಬಣ್ಣ. ಬ್ರಿಟಿಷರ ರಾತ್ರಿಯ ಬಾಂಬರ್ ಇದು. ಹೊಟ್ಟೆ ಮತ್ತು ಪಕ್ಕ ಪೂರ್ತಿ ಕಪ್ಪು. ಬೆನ್ನ ಮೇಲೆ ಕಂದು ಮತ್ತು ಹಸಿರಿನ ಪಟ್ಟೆ. ಕಪ್ಪು, ಹೊಳಪಿಲ್ಲದ ಬಣ್ಣ ಕುಂಚದ ಗೆರೆಯನ್ನು ಮುಚ್ಚಿಕೊಳ್ಳುತ್ತದೆ. ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಚಿಮುಕಿಸುವ ಸಲಕರಣೆ) ಇಲ್ಲದೆಯೂ ಮರ್ಯಾದೆ ಉಳಿಯುತ್ತದೆ.

ಒಂದು ಎಚ್ಚರಿಕೆ. ಡಬ್ಬದ ಅಪ್ಪಟ ಕಪ್ಪು ಹಾಕಬೇಡಿ. ಸಣ್ಣ ಮಾಡೆಲಿನಲ್ಲಿ ಅದು ಇದ್ದಿಲಿನ ತುಂಡಿನ ಹಾಗೆ ಕಾಣುತ್ತದೆ, ಮೈಮೇಲಿನ ತಗಡಿನ ಜೋಡಣೆಯ ಗೆರೆ ಏನೂ ಕಾಣುವುದಿಲ್ಲ. ತಮಿಯಾ ಕಂಪೆನಿಯ ಎಕ್ಸ್‌ಎಫ್-69 ನೇಟೋ ಬ್ಲ್ಯಾಕ್ ಥರದ, ಸ್ವಲ್ಪ ಬೂದು ಸೇರಿದ ಕಪ್ಪು ಸರಿ. ಅದರ ಮೇಲೆ ಅಲ್ಲಲ್ಲಿ ಇನ್ನೂ ಸ್ವಲ್ಪ ತಿಳಿ ಮಾಡಿ ತೆಳುವಾಗಿ ಸವರಿದರೆ ಬಿಸಿಲು ಮಳೆ ತಿಂದ ವಿಮಾನ ಆಗುತ್ತದೆ.

ಎರಡನೇ ಅನುಕೂಲ ಇಂಜಿನ್. ಲಂಕಾಸ್ಟರಿನ ಮರ್ಲಿನ್ ಇಂಜಿನುಗಳು ಉದ್ದದ ಮುಚ್ಚಳದೊಳಗೆ ಅಡಗಿರುತ್ತವೆ. ಹೊರಗೆ ಕಾಣುವುದು ಹೊಗೆ ಕೊಳವೆ ಮಾತ್ರ. ಬಿ-17ರಲ್ಲಿ ಪ್ರತಿ ಇಂಜಿನಿಗೆ ಮುಖದಲ್ಲೇ 9 ಸಿಲಿಂಡರ್, ನಾಲ್ಕಕ್ಕೆ 36. ಲಿಬರೇಟರಿನಲ್ಲಿ ಪ್ರತಿಯೊಂದಕ್ಕೆ ಎರಡು ಸಾಲಿನಲ್ಲಿ 14, ಒಟ್ಟು 56. ಅಷ್ಟೂ ಸಿಲಿಂಡರಿಗೆ ಬಣ್ಣ, ಮಸಿ, ತಂತಿ. ಮೊದಲನೆಯ ಇಂಜಿನಿಗೆ ಉತ್ಸಾಹ ಇರುತ್ತದೆ. ನಾಲ್ಕನೆಯದಕ್ಕೆ ಬರುವಾಗ ಹಿಡಿಸೂಡಿ ಹಿಡಿದು ಅಂಗಳ ಗುಡಿಸುವ ಕೆಲಸವೇ ಚೆಂದ ಅನಿಸುತ್ತದೆ.

ಕಷ್ಟ ಇರುವುದು ಗಾಜಿನಲ್ಲಿ. ಪೈಲಟ್ ಕೂರುವ ಮೇಲಿನ ಗೂಡಿಗೆ ಚೌಕಟ್ಟುಗಳು ತುಂಬ. ಮೂತಿಯಲ್ಲಿ, ಬೆನ್ನಿನಲ್ಲಿ, ಬಾಲದಲ್ಲಿ ಮೂರು ಗನ್ ಗೂಡು. ಬಣ್ಣ ಹಾಕುವಾಗ ಗಾಜು ಮುಚ್ಚಿಡಲು ಕತ್ತರಿಸಿಯೇ ಬರುವ ಮಾಸ್ಕ್ ಸ್ಟಿಕ್ಕರ್ ಕೊಂಡರೆ ಒಂದು ಸಂಜೆಯ ಕೆಲಸ. ಟೇಪ್ ಅಂಟಿಸಿ ಬ್ಲೇಡಿನಲ್ಲಿ ನೀವೇ ಕೊಯ್ದರೆ ನಾಲ್ಕು ಸಂಜೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಮುಖಕ್ಕೆ ಚಿಟ್ಟಿ ಇಡುವುದನ್ನು ನೋಡಿದ್ದೀರಲ್ಲ? ಒಂದೊಂದೇ ಚುಕ್ಕಿ, ಅವಸರ ಇಲ್ಲ. ಅಷ್ಟು ಕೂರುವ ಗುಣ ಇದ್ದರೆ ನೀವೇ ಕೊಯ್ಯಿರಿ. ಇಲ್ಲದಿದ್ದರೆ ಮಾಸ್ಕ್‌ಗೆ ದುಡ್ಡು ಕೊಡಿ. ಹೆಚ್ಚುವರಿ ಸಾಮಾನಿನಲ್ಲಿ ನಾನು ಕಣ್ಣು ಮುಚ್ಚಿ ದುಡ್ಡು ಕೊಡುವುದು ಇದಕ್ಕೊಂದಕ್ಕೇ.

ಏರ್‌ಫಿಕ್ಸ್ ಕಂಪೆನಿಯ 2013ರ ಅಚ್ಚಿನಲ್ಲಿ ರೆಕ್ಕೆಯ ತೊಲೆ ವಿಮಾನದ ಒಡಲನ್ನೇ ಅಡ್ಡ ಹಾಯ್ದು ಹೋಗುತ್ತದೆ, ನಿಜದ ವಿಮಾನದಲ್ಲಿ ಇದ್ದ ಹಾಗೇ. ಹಾಗಾಗಿ ಎರಡು ರೆಕ್ಕೆಯೂ ಸರಿಯಾದ ಓರೆಯಲ್ಲಿ ತಾವಾಗಿ ಕೂರುತ್ತವೆ. ಹಸೆಗಾವದ್ದು ಇನ್ನೂ ಚೊಕ್ಕ, ಆದರೆ ಬೆಲೆ ಕೈ ಸುಡುತ್ತದೆ. ಪೆಟ್ಟಿಗೆಯ ಚಿತ್ರ ನೋಡಿ ಮೋಸ ಹೋಗಬೇಡಿ. ಹೊಸ ಚಿತ್ರದ ಪೆಟ್ಟಿಗೆಯೊಳಗೆ ದಶಕಗಳ ಹಿಂದಿನ ಅಚ್ಚು ಇರುವುದುಂಟು. ಗೆರೆಗಳು ಕೊರೆದಿದ್ದರೆ ಹೊಸದು, ಉಬ್ಬಿದ್ದರೆ ಹಳೆಯದು ಎಂದು ಸುಮಾರಾಗಿ ಹೇಳಬಹುದು. ಕೊಳ್ಳುವ ಮೊದಲು ಅಚ್ಚಿನ ವರ್ಷ ಕೇಳಿ.

ಲಂಕಾಸ್ಟರ್ ತರಿಸುವವರು ಹೆಚ್ಚಿನವರು ಅಣೆಕಟ್ಟು ಒಡೆದ ವಿಮಾನವನ್ನೇ ಕೇಳುತ್ತಾರೆ. 1943ರ ಮೇ 16ರ ರಾತ್ರಿ 617ನೇ ಸ್ಕ್ವಾಡ್ರನ್ನಿನ 19 ವಿಮಾನ ಜರ್ಮನಿಯ ಅಣೆಕಟ್ಟುಗಳ ಮೇಲೆ ಹೋದವು. 8 ಮರಳಲಿಲ್ಲ. 53 ಮಂದಿ ಸತ್ತರು. ಅದರ ಮಾಡೆಲಿಗೆ ಬೆನ್ನಿನ ಗನ್ ಗೂಡು ಇಲ್ಲ, ಹೊಟ್ಟೆಯ ಬಾಗಿಲುಗಳಿಲ್ಲ, ಅಡಿಯಲ್ಲಿ ಡ್ರಮ್ಮಿನಂಥ ಬಾಂಬು. ಕೆಲಸ ಸ್ವಲ್ಪ ಕಡಿಮೆಯೇ. ಆದರೂ ನನ್ನ ಮನಸ್ಸು ಹೆಸರಿಲ್ಲದ ಸಾಮಾನ್ಯ ಸ್ಕ್ವಾಡ್ರನ್ನಿನ ವಿಮಾನದ ಕಡೆಗೇ. ಒಟ್ಟು 7,377 ಲಂಕಾಸ್ಟರ್ ಕಟ್ಟಿದ್ದರು. ಒಂದೊಂದರಲ್ಲಿ ಏಳು ಹುಡುಗರು. ಬ್ರಿಟನ್ನಿನ ಬಾಂಬರ್ ಕಮಾಂಡ್ ಆ ಯುದ್ಧದಲ್ಲಿ ಕಳಕೊಂಡದ್ದು 55,573 ಜನ. ಅಕ್ಷರ ಅಂಟಿಸುವಾಗ ಆ ನಂಬರಿನ ವಿಮಾನ ಏನಾಯಿತು ಎಂದು ಹುಡುಕುವ ಚಟ ನನಗಿದೆ. ಹೆಚ್ಚಾಗಿ ಒಳ್ಳೆಯ ಸುದ್ದಿ ಸಿಗುವುದಿಲ್ಲ.

ಬಿ-17: ಬೆಳ್ಳಿ ಬಣ್ಣದ ಬಲೆ

ಚೆಂದದ ಮಾತು ಬಂದರೆ ಬಿ-17ನ್ನು ಸೋಲಿಸುವುದು ಕಷ್ಟ. ಪೆಟ್ಟಿಗೆಯ ಮೇಲೆ ಬೆಳ್ಳಿಯ ಹಾಗೆ ಮಿನುಗುತ್ತದೆ. ಬಲೆ ಇರುವುದೇ ಅಲ್ಲಿ. 1944ರಿಂದ ಅಮೆರಿಕದವರು ಬಣ್ಣ ಬಳಿಯುವುದನ್ನು ಬಿಟ್ಟು ಬರೀ ಅಲ್ಯೂಮಿನಿಯಂ ಮೈಯಲ್ಲೇ ವಿಮಾನ ಕಳಿಸತೊಡಗಿದರು. ಮಾಡೆಲಿನಲ್ಲಿ ಆ ಲೋಹದ ಹೊಳಪು ಬರಬೇಕಾದರೆ ಅಡಿಯಲ್ಲಿ ಕನ್ನಡಿಯಂಥ ಕಪ್ಪು ಹೊಳಪು ಬಣ್ಣ ಬೇಕು, ಅದರ ಮೇಲೆ ಏರ್‌ಬ್ರಷ್ಷಿನಲ್ಲಿ ಲೋಹದ ಬಣ್ಣ. ಉಪ್ಪುಕಾಗದದ ಒಂದು ಗೀರು ಉಳಿದಿದ್ದರೂ ಊರಿಗೆಲ್ಲ ಕಾಣುತ್ತದೆ. ಜೋಡಣೆಯ ಸಂದು ಕಾಣುತ್ತದೆ. ಬೆರಳಚ್ಚು ಕಾಣುತ್ತದೆ. ಮಳೆಗಾಲದಲ್ಲಂತೂ ಆಸೆಯೇ ಬೇಡ.

ಬಿ-17 ಬೇಕೇ ಬೇಕು ಎಂದಾದರೆ 1943ರ ಕಾಲದ ಹಸಿರು-ಬೂದಿಯದ್ದನ್ನು ಆರಿಸಿ. ಆಲಿವ್ ಬಣ್ಣ ಬಿಸಿಲಿಗೆ ಬೇಗ ಮಾಸುತ್ತಿತ್ತು. ಅಲ್ಲಲ್ಲಿ ಕಂದಾಗಿ, ಅಲ್ಲಲ್ಲಿ ಬಿಳಚಾಗಿ ಮಾಡುವುದಕ್ಕೆ ಕೈ ಬಿಟ್ಟ ಹಾಗೆ ಆಡಬಹುದು, ತಪ್ಪಾದರೂ ಚೆಂದ. ಏರ್‌ಫಿಕ್ಸ್‌ನ 2016ರ ಬಿ-17ಜಿ ಒಳ್ಳೆಯ ಅಚ್ಚು. ಮತ್ತೆ ಆ ಬೆರಳಿನ ಅಗಲ ಮರೆಯಬೇಡಿ.

ಲಿಬರೇಟರ್: ನಮ್ಮದೇ ಅನ್ನಬಹುದಾದದ್ದು

ಲಿಬರೇಟರ್ ಕಟ್ಟುವುದಕ್ಕೆ ಕಷ್ಟ. ನೋಡುವುದಕ್ಕೂ ಎಲ್ಲರಿಗೆ ಹಿಡಿಸುವುದಿಲ್ಲ, ತಗಡಿನ ಡಬ್ಬಕ್ಕೆ ರೆಕ್ಕೆ ಸಿಕ್ಕಿಸಿದ ಹಾಗಿದೆ. ಆದರೆ ನಮ್ಮ ದೇಶಕ್ಕೂ ಈ ವಿಮಾನಕ್ಕೂ ಇರುವ ನಂಟು ಬೇರೆ ಯಾವ ದೊಡ್ಡ ಬಾಂಬರಿಗೂ ಇಲ್ಲ.

ಯುದ್ಧದ ಕಾಲದಲ್ಲಿ ಬಂಗಾಳದ ವಿಮಾನ ನಿಲ್ದಾಣಗಳಿಂದ ಇವು ಬರ್ಮಾದ ಮೇಲೆ ಹೋಗುತ್ತಿದ್ದವು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಲಿಬರೇಟರುಗಳನ್ನು ಕಾನ್ಪುರದಲ್ಲಿ ಗುಡ್ಡೆ ಹಾಕಿ, ಯಾರೂ ಹಾರಿಸಬಾರದೆಂದು ಜಜ್ಜಿ ಹಾಳು ಮಾಡಿ ಹೋದರು. ಸ್ವಾತಂತ್ರ್ಯ ಬಂದ ಮೇಲೆ ಹಿಂದುಸ್ಥಾನ್ ಏರ್‌ಕ್ರಾಫ್ಟ್‌ನವರು ಆ ಗುಜರಿಯಿಂದ ಒಂದರ ಭಾಗ ಇನ್ನೊಂದಕ್ಕೆ ಹಾಕಿ ನಲ್ವತ್ತಕ್ಕಿಂತ ಹೆಚ್ಚು ವಿಮಾನಗಳನ್ನು ಎಬ್ಬಿಸಿದರು. ಹಾರಿಸಬಹುದು ಅನ್ನುವಷ್ಟು ರಿಪೇರಿ ಮಾಡಿ, ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಪೂರ್ತಿ ರಿಪೇರಿ ಆದದ್ದು ಬೆಂಗಳೂರಿನಲ್ಲಿ. 1948ರ ನವೆಂಬರಿನಲ್ಲಿ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು. 1968ರ ತನಕ ನಮ್ಮ ವಾಯುಪಡೆಯಲ್ಲಿ ಹಾರಿದವು. ಗುಜರಿ ಅಂಗಡಿ ಕಂಡರೆ ಕಾಲು ನಿಲ್ಲುವ ನನ್ನಂಥವರಿಗೆ ಇದಕ್ಕಿಂತ ಚೆಂದದ ಕಥೆ ಬೇಕಾ?

ಈಗ ಕಷ್ಟದ ವಿಷಯ. ಲಂಕಾಸ್ಟರ್, ಬಿ-17, ಮಾಸ್ಕಿಟೋ ಮೂರೂ ಬಾಲದ ಚಕ್ರದ ಮೇಲೆ ಕೂರುತ್ತವೆ. ಲಿಬರೇಟರಿಗೆ ಚಕ್ರ ಮೂತಿಯ ಅಡಿಯಲ್ಲಿದೆ. ಮೂತಿಯೊಳಗೆ ಭಾರ ಹಾಕದಿದ್ದರೆ ಮಾಡೆಲ್ ಬಾಲ ಊರಿ, ಮೂತಿ ಆಕಾಶ ನೋಡುತ್ತಾ ಕೂರುತ್ತದೆ. ಬಲೆಗೆ ಕಟ್ಟುವ ಈಯದ ಗುಂಡು ನಮ್ಮಲ್ಲಿ ಬಲೆ ಮಾರುವ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಪೈಲಟ್ಟಿನ ಹಿಂದೆ ಮುಂದೆ ಜಾಗ ಇದ್ದಲ್ಲೆಲ್ಲ ತುರುಕಿ. ಆದರೆ ಬಿಳಿ ಫೆವಿಕಾಲ್ ಹಾಕಿ ಅಂಟಿಸಬೇಡಿ. ಈಯಕ್ಕೂ ಬಿಳಿ ಗೋಂದಿಗೂ ಆಗುವುದಿಲ್ಲ. ವರ್ಷ ಕಳೆದಂತೆ ಈಯ ಬಿಳಿ ಹುಡಿಯಾಗಿ ಉಬ್ಬುತ್ತದೆ, ಒಡಲನ್ನೇ ಬಿರಿಯುತ್ತದೆ. ತೇವ ಇದ್ದಲ್ಲಿ ಇನ್ನೂ ಬೇಗ. ಎಂ-ಸೀಲ್‌ನಂಥ ಎರಡು ಭಾಗ ಕಲಸುವ ಪುಟ್ಟಿಯೊಳಗೆ ಹುದುಗಿಸಿಬಿಡಿ. ಈಯ ಮುಟ್ಟಿದ ಮೇಲೆ ಕೈ ತೊಳೆಯದೆ ಚಾ ಕುಡಿಯಬೇಡಿ.

ಒಡಲು ಮುಚ್ಚುವ ಮೊದಲು ಎರಡು ಭಾಗ ಟೇಪಿನಲ್ಲಿ ಕಟ್ಟಿ, ರೆಕ್ಕೆ ಸಿಕ್ಕಿಸಿ, ದೊಡ್ಡ ಚಕ್ರದ ಜಾಗಕ್ಕೆ ಎರಡು ಪೆನ್ಸಿಲ್ ಅಡ್ಡ ಇಟ್ಟು ತೂಗಿ ನೋಡಿ. ಮೂತಿ ಬಗ್ಗಿದರೂ ಇನ್ನೂ ಎರಡು ಗುಂಡು ಹೆಚ್ಚು ಹಾಕಿ. ಬಣ್ಣ, ಬಾಲದ ಗನ್ ಗೂಡು ಎಲ್ಲ ಸೇರಿದ ಮೇಲೆ ಹಿಂದಿನ ಭಾರ ಜಾಸ್ತಿ ಆಗುತ್ತದೆ.

ರೆಕ್ಕೆ ಇನ್ನೊಂದು ತಲೆನೋವು. ಉದ್ದ, ಸಪೂರ, ಒಡಲಿನ ಮೇಲ್ಭಾಗಕ್ಕೆ ಸಿಕ್ಕಿಸುವಂಥದ್ದು. ಅಂಟು ಒಣಗುವ ಮೊದಲು ಕೈ ಬಿಟ್ಟರೆ ತೆಂಗಿನ ಮಡಲಿನ ಹಾಗೆ ಜೋತು ಬೀಳುತ್ತದೆ. ಎರಡೂ ತುದಿಗೆ ಒಂದೇ ಎತ್ತರದ ಪುಸ್ತಕದ ಅಟ್ಟಿ ಕೊಟ್ಟು ರಾತ್ರಿಯಿಡೀ ಬಿಡಿ. ನಮ್ಮ ವಾಯುಪಡೆಯ ಲಿಬರೇಟರ್ ಮಾಡುವುದಾದರೆ ಮತ್ತೆ ಬೆಳ್ಳಿ ಬಣ್ಣವೇ ಬಂತು. ಕಿಟ್ಟಿನಲ್ಲಿ ಬರುವ ಸ್ಟಿಕ್ಕರ್ ಹೆಚ್ಚಾಗಿ ಅಮೆರಿಕ ಅಥವಾ ಬ್ರಿಟನ್ನಿನದ್ದು, ಕೇಸರಿ ಬಿಳಿ ಹಸಿರಿನ ಚಕ್ರ ಬೇರೆ ಹುಡುಕಬೇಕು. ಎರಡನೆಯ ಅಥವಾ ಮೂರನೆಯ ಬಾಂಬರ್ ಆಗಿ ಇದನ್ನು ಇಟ್ಟುಕೊಳ್ಳಿ.

ಮಾಸ್ಕಿಟೋ: ಮರದ ವಿಮಾನ

ಜಾಗ ಕಡಿಮೆ, ಸಮಯ ಕಡಿಮೆ, ಆದರೆ ಕೆಲಸ ಚೊಕ್ಕ ಆಗಬೇಕು ಅನ್ನುವವರಿಗೆ ಮಾಸ್ಕಿಟೋ. ಎರಡೇ ಇಂಜಿನ್, ಇಬ್ಬರೇ ಜನ. ತಮಿಯಾದ ಕಿಟ್ ತಗೊಂಡರೆ ಪುಟ್ಟಿಯ ಡಬ್ಬ ತೆರೆಯುವ ಕೆಲಸವೇ ಹೆಚ್ಚು ಬರುವುದಿಲ್ಲ.

ಇದು ಮರದ ವಿಮಾನ ಎಂಬುದನ್ನು ಕಟ್ಟುವಾಗ ನೆನಪಿಡಬೇಕು. ನಡುವೆ ಹಗುರ ಬಾಲ್ಸಾ ಮರ, ಎರಡೂ ಕಡೆ ಬರ್ಚ್ ಪ್ಲೈವುಡ್, ಮೇಲೆ ಮಡಪೋಲಂ ಎಂಬ ಹತ್ತಿ ಬಟ್ಟೆ ಅಂಟಿಸಿ ಬಣ್ಣ. ಮಡಪೋಲಂ ಹೆಸರು ಬಂದದ್ದು ಆಂಧ್ರದ ನರಸಾಪುರದ ಹತ್ತಿರದ ಒಂದು ನೇಕಾರರ ಊರಿಂದ! ಹಾಗಾಗಿ ಇದರ ಮೈಯಲ್ಲಿ ರಿವೆಟ್ ಸಾಲು ಇರುವುದಿಲ್ಲ. ಲೋಹದ ವಿಮಾನಕ್ಕೆ ಮಾಡಿದ ಹಾಗೆ ಪ್ರತಿ ಗೆರೆಗೂ ಕಪ್ಪು ನೀರು ಹರಿಸಿದರೆ ಅದು ಮಾಸ್ಕಿಟೋ ಆಗುವುದಿಲ್ಲ, ಹಂಚಿನ ಮಾಡು ಆಗುತ್ತದೆ. ಗೆರೆ ಕಂಡೂ ಕಾಣದ ಹಾಗೆ ಬಿಡಿ. ಬಣ್ಣ ಉದುರಿದ ಹಾಗೆ ಬೆಳ್ಳಿ ಚುಕ್ಕೆ ಇಡುವವರಿದ್ದಾರೆ. ಮರದ ಅಡಿಯಲ್ಲಿ ಬೆಳ್ಳಿ ಎಲ್ಲಿಂದ ಬರಬೇಕು? ಇಂಜಿನ್ ಮುಚ್ಚಳದಂಥ ಲೋಹದ ಭಾಗದಲ್ಲಿ ಮಾತ್ರ ಇಡಿ.

1944ರಲ್ಲಿ ಬರ್ಮಾ ಕಡೆಯ ಸ್ಕ್ವಾಡ್ರನ್ನುಗಳು ಈ ವಿಮಾನ ಕಲಿಯಲು ಬಂದದ್ದು ಯಲಹಂಕ ಮತ್ತು ಕೋಲಾರಕ್ಕೆ. ಅದೇ ವರ್ಷದ ಕೊನೆಗೆ ಇಲ್ಲಿನ ಮಾಸ್ಕಿಟೋಗಳಲ್ಲಿ ರೆಕ್ಕೆಯ ಅಂಟು ಬಿಟ್ಟು ಅವಘಡಗಳಾದವು. ಹಾರಾಟ ನಿಲ್ಲಿಸಿ ಒಂದೊಂದನ್ನೂ ಪರೀಕ್ಷೆ ಮಾಡಬೇಕಾಯಿತು. ನಮ್ಮ ಬಿಸಿಲು ಮಳೆಯದ್ದು ತಪ್ಪೋ, ಕಟ್ಟಿದವರದ್ದು ತಪ್ಪೋ ಎಂಬ ಜಗಳ ದೊಡ್ಡದಿತ್ತು. ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ಕಾಲಲ್ಲಿ ತಳ್ಳುವ ನಮಗೆ ಆ ಜಗಳ ಅರ್ಥ ಆಗುತ್ತದೆ, ಅಲ್ವಾ?

ನಮ್ಮ ಕಡೆಯ ಮಾಸ್ಕಿಟೋ ಮಾಡುವುದಾದರೆ ಒಂದು ಸೂಕ್ಷ್ಮ ಇದೆ. ಬ್ರಿಟಿಷ್ ವಿಮಾನದ ವೃತ್ತದ ಗುರುತಿನಲ್ಲಿ ನಡುವೆ ಕೆಂಪು ಇರುತ್ತದೆ. ಬರ್ಮಾ ರಂಗದಲ್ಲಿ ಆ ಕೆಂಪನ್ನು ತೆಗೆದುಹಾಕಿದ್ದರು, ಜಪಾನಿನ ಕೆಂಪು ಸೂರ್ಯ ಎಂದು ತಿಳಿದು ತಮ್ಮವರೇ ಗುಂಡು ಹಾರಿಸಬಾರದೆಂದು. ಗಾಢ ನೀಲಿಯ ಒಳಗೆ ತಿಳಿ ಬಣ್ಣ, ಅಷ್ಟೇ. ಕಿಟ್ಟಿನ ಸ್ಟಿಕ್ಕರ್ ಯುರೋಪಿನದ್ದಾದರೆ ಅದನ್ನೇ ಅಂಟಿಸಿ "ಬರ್ಮಾದ್ದು" ಅನ್ನಬೇಡಿ. ತಿಳಿದವರು ಮೊದಲು ನೋಡುವುದೇ ಅದನ್ನು.

ಮಳೆಗಾಲದಲ್ಲಿ ಯಾವ ಬಣ್ಣ

ಮೂರು ಬಗೆ ಇದೆ. ನೀರಿನಲ್ಲಿ ಕರಗುವ ಅಕ್ರಿಲಿಕ್, ಎಣ್ಣೆಯ ಎನಾಮೆಲ್, ಘಾಟಿನ ಲ್ಯಾಕರ್.

ಲ್ಯಾಕರ್ ಬೇಗ ಒಣಗುತ್ತದೆ, ಗಟ್ಟಿಯಾಗುತ್ತದೆ. ನವೆಂಬರಿನಿಂದ ಫೆಬ್ರವರಿ ತನಕ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಜುಲೈಯಲ್ಲಿ ಹೊಡೆದು ನೋಡಿ. ಥಿನ್ನರ್ ಹಾರುವ ಭರಕ್ಕೆ ಮೇಲ್ಮೈ ತಣ್ಣಗಾಗಿ ಗಾಳಿಯ ಪಸೆ ಅದರ ಮೇಲೆ ಕೂರುತ್ತದೆ. ನಿಮ್ಮ ಕಪ್ಪು ಲಂಕಾಸ್ಟರಿಗೆ ಬೂಷ್ಟು ಬಂದ ಹಾಗೆ ಬಿಳಿ ಮುಸುಕು. ಸ್ಪ್ರೇ ಡಬ್ಬಕ್ಕೂ ಇದೇ ಗತಿ. ಜೊತೆಗೆ ಅವನ್ನು ವಿಮಾನದಲ್ಲಿ ಕಳಿಸುವ ಹಾಗಿಲ್ಲ, ಬೆಂಕಿ ಹಿಡಿಯುವ ಸಾಮಾನು. ಲಾರಿಯಲ್ಲಿ ನಿಧಾನಕ್ಕೆ ಬರಬೇಕು. ನನ್ನ ಒಂದು ಪಾರ್ಸೆಲ್ ಗಡಿಯ ಆಚೆ ಈಚೆ ಎರಡು ವಾರ ಅಲೆದು, ಕೊನೆಗೆ ಕಳಿಸಿದವರಿಗೇ ಮರಳಿ ಹೋಯಿತು.

ಎನಾಮೆಲಿಗೆ ಬಿಳಿ ಮುಸುಕಿನ ಕಾಟ ಕಡಿಮೆ. ಕುಂಚಕ್ಕೆ ಬೆಣ್ಣೆಯ ಹಾಗೆ ಹರಡುತ್ತದೆ. ಒಣಗುವುದಕ್ಕೆ ಮಾತ್ರ ದಿನಗಟ್ಟಲೆ. ಅಷ್ಟರಲ್ಲಿ ಧೂಳು, ಕೂದಲು, ಹುಳ ಎಲ್ಲ ಬಂದು ಅಂಟುತ್ತವೆ. ನನ್ನ ಮಾಸ್ಕಿಟೋ ರೆಕ್ಕೆಯ ಮೇಲೆ ಒಂದು ನಿಜವಾದ ನುಸಿಯೇ ಬಂದು ಕೂತು ಅಲ್ಲೇ ಉಳಿಯಿತು. ಚಿಮಟದಲ್ಲಿ ತೆಗೆದೆ, ಒಂದು ಕಾಲು ಉಳಿದಿದೆ. ಹಾಗೇ ಬಿಟ್ಟಿದ್ದೇನೆ.

ಕುಂಚದವರಿಗೆ ನನ್ನ ಸಲಹೆ ವಲ್ಲೆಹೊದಂಥ ನೀರಿನ ಅಕ್ರಿಲಿಕ್. ತೆಳುವಾಗಿ ಮೂರು ನಾಲ್ಕು ಸಲ. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಮಳೆಗಾಲದಲ್ಲಿ ಒಂದು ಪೂರ್ತಿ ದಿನ ಬಿಡಿ. ಕೈಗೆ ಒಣಗಿದ ಹಾಗಿದ್ದರೂ ಒಳಗೆ ಹಸಿ ಇರುತ್ತದೆ. ಬಣ್ಣ ಕಲಸುವುದಕ್ಕೆ ಪ್ಲಾಸ್ಟಿಕ್ ತಟ್ಟೆ ಕೊಳ್ಳಬೇಡಿ. ಅಡಿಕೆ ಹಾಳೆಯ ಒಳಮೈ ಒಂದು ತುಂಡು ಸಾಕು, ಕೆಲಸ ಮುಗಿದ ಮೇಲೆ ಬುಡಕ್ಕೆ ಎಸೆಯಬಹುದು.

ಒಣಗಿಸುವುದಕ್ಕೆ ನಾನು ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಮಾಡಿ 40 ವಾಟಿನ ಹಳೆಯ ಬಲ್ಬು ಇಳಿಬಿಟ್ಟಿದ್ದೇನೆ. ಬಲ್ಬು ಎಲ್ಲಿಯೂ ತಾಗಬಾರದು, ಒಳಗೆ ಕೈ ಇಟ್ಟರೆ ಹಿತವಾದ ಬಿಸಿ ಇರಬೇಕು, ಅಷ್ಟೇ. ಬಿಟ್ಟು ಪೇಟೆಗೆ ಹೋಗಬೇಡಿ. ಬೇಗ ಆಗಲಿ ಎಂದು ಒಮ್ಮೆ ರೆಕ್ಕೆಯನ್ನು ಬಚ್ಚಲಿನ ಹಂಡೆಯ ಒಲೆಯ ಹತ್ತಿರ ಇಟ್ಟೆ. ಸ್ನಾನ ಮುಗಿಸಿ ಬರುವಾಗ ಅದು ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

ಏರ್‌ಬ್ರಷ್ ಕೊಳ್ಳಬೇಕಾ? ಒಂದೇ ಬಾಂಬರ್ ಮಾಡಿ ನಿಲ್ಲಿಸುವವರಿಗೆ ಬೇಡ. ಬೆಳ್ಳಿ ವಿಮಾನ ಬೇಕಾದವರಿಗೆ ಬೇಕೇ ಬೇಕು. ಕೊಳ್ಳುವುದಾದರೆ ಟ್ಯಾಂಕ್ ಇರುವ ಕಂಪ್ರೆಸರ್, ಪೈಪಿನ ನಡುವೆ ನೀರು ಹಿಡಿಯುವ ಬಟ್ಟಲು. ನಮ್ಮಲ್ಲಿ ಆ ಬಟ್ಟಲು ಅರ್ಧ ಗಂಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಅದಿಲ್ಲದಿದ್ದರೆ ಬಣ್ಣದ ನಡುವೆ ನೀರಿನ ಹನಿ ಉಗುಳಿ ತೋಟಕ್ಕೆ ಮದ್ದು ಬಿಟ್ಟ ಹಾಗಾಗುತ್ತದೆ.

ಡೀಟೇಲ್: ಕೊಳ್ಳುವುದೋ, ಮಾಡುವುದೋ

ತೆಳು ಹಿತ್ತಾಳೆ ತಗಡಿನ ಬಿಡಿಭಾಗ, ರೆಸಿನ್ ಚಕ್ರ, ರೆಸಿನ್ ಇಂಜಿನ್, ಲೋಹದ ಗನ್ ನಳಿಗೆ. ಮನಸ್ಸು ಬಿಟ್ಟರೆ ಕಿಟ್ಟಿಗಿಂತ ಜಾಸ್ತಿ ದುಡ್ಡು ಇದಕ್ಕೇ ಹೋಗುತ್ತದೆ. ನಾನು ಮೊದಲ ಲಂಕಾಸ್ಟರಿಗೆ ಒಳಗಿನ ಹಿತ್ತಾಳೆ ಸೆಟ್ ಪೂರ್ತಿ ಹಾಕಿದೆ. ವೈರ್‌ಲೆಸ್ಸಿನವನ ಮೇಜು, ನಕ್ಷೆಯವನ ದೀಪ, ಆಮ್ಲಜನಕದ ಬಾಟಲಿ, ಎಲ್ಲ. ಒಂದು ತಿಂಗಳ ರಾತ್ರಿಗಳು. ಒಡಲು ಮುಚ್ಚಿದ ಮೇಲೆ ಟಾರ್ಚ್ ಹಾಕಿ ನೋಡಿದರೆ ಕಂಡದ್ದು ಒಂದು ಕುರ್ಚಿಯ ಬೆನ್ನು.

1/72ರ ನಾಲ್ಕು ಇಂಜಿನಿನ ವಿಮಾನಕ್ಕೆ ಸೊಂಟದ ಪಟ್ಟಿ ಮತ್ತು ಗನ್ ಸಾಕು. ಪಟ್ಟಿಯನ್ನು ಮಾಸ್ಕಿಂಗ್ ಟೇಪ್ ಸಪೂರ ಕೊಯ್ದು ನೀವೇ ಮಾಡಬಹುದು. ಗನ್ನಿಗೆ ನನ್ನ ಉಪಾಯ ಮೆಡಿಕಲ್ ಅಂಗಡಿಯ ಹೊಸ ಸೂಜಿ. 26 ನಂಬರಿನದ್ದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ, ಲಂಕಾಸ್ಟರಿನ ಎಂಟು ಸಣ್ಣ ಗನ್ನಿಗೆ ಒಪ್ಪುತ್ತದೆ. ಅಮೆರಿಕದ ದಪ್ಪ ಗನ್ನಿಗೆ 24 ನಂಬರ್. ಗುಂಡು ಬರುವ ತೂತು ತಾನಾಗಿ ಇದೆ! ಮೊನೆಯನ್ನು ಫೈಲಿನಲ್ಲಿ ತೇಯ್ದು ಸಮ ಮಾಡಿ, ಉಳಿದದ್ದನ್ನು ಮಕ್ಕಳ ಕೈಗೆ ಸಿಗದ ಹಾಗೆ ಡಬ್ಬಕ್ಕೆ ಹಾಕಿ. ಎರಡು ಇಂಜಿನಿನ 1/48ಕ್ಕೆ ಮಾತ್ರ ಹಿತ್ತಾಳೆ ಸೆಟ್ ಕೊಳ್ಳಿ. ಅಲ್ಲಿ ಗೂಡು ದೊಡ್ಡದು, ಒಳಗಿನದ್ದು ಕಾಣುತ್ತದೆ.

ಗಾಜಿನ ಭಾಗಗಳಿಗೆ ಸೂಪರ್ ಗ್ಲೂ ಹತ್ತಿರವೂ ಬರಬಾರದು. ಅದರ ಹಬೆಗೆ ಗಾಜು ಮಂಜಾಗುತ್ತದೆ, ಮತ್ತೆ ಸುಲಭಕ್ಕೆ ಹೋಗುವುದಿಲ್ಲ. ಇಲ್ಲಿ ನಮ್ಮ ಬಿಳಿ ಫೆವಿಕಾಲೇ ರಾಜ. ಹಿಡಿಸೂಡಿ ಕಡ್ಡಿಯ ತುದಿಯಲ್ಲಿ ಅದ್ದಿ ಸವರಿದರೆ ಒಣಗಿದ ಮೇಲೆ ಕಾಣುವುದೂ ಇಲ್ಲ. ಆಂಟೆನಾ ತಂತಿಗೆ, ಬಿಡಿಭಾಗ ತೆಗೆದು ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಮೇಲೆ ಕಾಯಿಸಿ, ಉರಿಯಿಂದ ದೂರ ತಂದು ಎಳೆಯಿರಿ. ಪಾಕ ಎಳೆದ ಹಾಗೆ ಎಳೆ ಬರುತ್ತದೆ. ನಾಲ್ಕೈದು ಹಾಳಾದ ಮೇಲೆ ಕೈ ಕೂರುತ್ತದೆ.

ಮಾಸಿದ ಬಣ್ಣಕ್ಕೆ ಡಬ್ಬದಲ್ಲಿ ಬರುವ ಹುಡಿ ಕೊಳ್ಳಬಹುದು. ಆದರೆ ಕೋಲಾರದ ಕೆಂಪು ಧೂಳು ಬೇಕಾದರೆ ನಮ್ಮ ಅಂಗಳದಲ್ಲೇ ಮುರಕಲ್ಲು ಬಿದ್ದಿದೆಯಲ್ಲ. ಎರಡು ತುಂಡು ಒಂದಕ್ಕೊಂದು ತಿಕ್ಕಿ ಹುಡಿ ಮಾಡಿ. ಹಾಗೇ ಹಾಕಿದರೆ ಕಣ ದೊಡ್ಡದಾಗಿ ಜಲ್ಲಿ ಹಾಕಿದ ಹಾಗೆ ಕಾಣುತ್ತದೆ. ಲೋಟದ ನೀರಲ್ಲಿ ಕದಡಿ, ನಿಧಾನಕ್ಕೆ ಹತ್ತು ಎಣಿಸಿ, ಮೇಲಿನ ಕೆಂಪು ನೀರನ್ನು ಮಾತ್ರ ಬೇರೆ ಲೋಟಕ್ಕೆ ಬಗ್ಗಿಸಿ. ಅಡಿಯ ಗಸಿ ಬಿಸಾಡಿ. ಬಗ್ಗಿಸಿದ ನೀರು ಎರಡು ದಿನ ಕೂತರೆ ಅಡಿಯಲ್ಲಿ ಗಂಧದಂಥ ಮಣ್ಣು. ಒಣಗಿಸಿ ಡಬ್ಬದಲ್ಲಿಡಿ. ಚಕ್ರಕ್ಕೆ, ಹೊಟ್ಟೆಯ ಅಡಿಗೆ ಒಣ ಕುಂಚದಲ್ಲಿ ಒಂದಿಷ್ಟು. ಲಂಕಾಸ್ಟರಿನ ಹೊಗೆ ಗುರುತಿಗೆ ಮಾತ್ರ ಕಪ್ಪು ಮಸಿ ಹಾಕಬೇಡಿ. ಹಳೆಯ ಚಿತ್ರಗಳಲ್ಲಿ ನೋಡಿದರೆ ರೆಕ್ಕೆಯ ಮೇಲೆ ಹರಿದ ಹೊಗೆ ಬೂದು, ಬಿಳಚು. ಒಲೆಯ ಬೂದಿಯ ಬಣ್ಣ.

ಸ್ಟಿಕ್ಕರ್ ಅಂಟಿಸುವ ಮೊದಲು ಹೊಳಪಿನ ವಾರ್ನಿಷ್ ಒಂದು ಕೋಟ್ ಬೇಕು. ಇಲ್ಲದಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿ ಪೊರೆ ಕಾಣುತ್ತದೆ. ಕಿಟ್ ಬಂದ ದಿನವೇ ಸ್ಟಿಕ್ಕರ್ ಹಾಳೆಯನ್ನು ತೆಗೆದು, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿ ಹಾಕಿಡಿ. ನನ್ನ ಒಂದು ಹಾಳೆ ಒಂದೇ ಮಳೆಗಾಲದಲ್ಲಿ ಹಳದಿಯಾಗಿ ಮಚ್ಚೆ ಬಿತ್ತು.

ಈಗ ಕಿಟ್ ತರಿಸುವುದಾದರೆ ಹೀಗೆ ಮಾಡಿ. ಮಳೆಗಾಲದಲ್ಲಿ ಕತ್ತರಿಸುವುದು, ಉಜ್ಜುವುದು, ಅಂಟಿಸುವುದು, ಒಳಗಿನ ಸಣ್ಣ ಬಣ್ಣ. ನವರಾತ್ರಿ ಕಳೆದು ಗಾಳಿ ಒಣಗಿದ ಮೇಲೆ ಹೊರಮೈಗೆ ಬಣ್ಣ. ಫೆಬ್ರವರಿಯೊಳಗೆ ಸ್ಟಿಕ್ಕರ್, ವಾರ್ನಿಷ್. ಅಣ್ಣನ ಮಗ ಈ ಸಲ ಲಂಕಾಸ್ಟರ್ ತರಿಸಿದ್ದಾನೆ, ಮೂರು ಸಲ ಕಪಾಟು ಅಳೆದ ಮೇಲೆ. ನನ್ನ ಬಿ-17ಕ್ಕೆ ಆಚಾರಿಯನ್ನು ಕರೆದು ಕೇಳಿದೆ. ಕಪಾಟಿನ ಹಿಂದಿನ ಹಲಗೆ ತೆಗೆದು ಒಂದು ಇಂಚು ಹಿಂದಕ್ಕೆ ಕೂರಿಸಬಹುದಂತೆ. ಅಜ್ಜನ ಕಪಾಟು ಮುಟ್ಟುವುದಕ್ಕೆ ಅಮ್ಮ ಇನ್ನೂ ಒಪ್ಪಿಲ್ಲ.